ಕಣ್ಣಿಗೆ ಮಣೆ ಹಾಕಿದ ಅಕ್ಕ

ಅಕ್ಕ ತೀರಿಕೊಂಡರು ಎಂದು ಅವರ ಮಗ ಫೋನು ಮಾಡಿ ಹೇಳಿದಾಗ ನಾನು ನಕ್ಕುಬಿಟ್ಟೆ. ತಪ್ಪು ತಿಳಿಯಬೇಡಿ. ಅವರಿಗೆ ತೊಂಬತ್ತು ದಾಟಿತ್ತು. ಹಿಂದಿನ ದಿನವೂ ಗಂಜಿಗೆ ಉಪ್ಪಿನಕಾಯಿ ಸಾಲದು ಎಂದು ಸೊಸೆಯನ್ನು ಗದರಿಸಿದ್ದರಂತೆ. "ಗೋಡೆಗೆ ಹಾಕ್ಲಿಕ್ಕೆ ಅಮ್ಮನ ಒಂದು ಒಳ್ಳೆಯ ಫೋಟೋ ಹುಡುಕ್ತಾ ಇದ್ದೇವೆ ಟೀಚರ್, ಮನೆಯಲ್ಲಿ ಒಂದೂ ಇಲ್ಲ," ಎಂದು ಮಗ ಹೇಳಿದ್ದೇ ನನ್ನ ನಗುವಿಗೆ ಕಾರಣ. ಊರಿನ ಕಟ್ಟಡಗಳನ್ನೆಲ್ಲ ಕ್ಯಾಮರಾದಲ್ಲಿ ಹಿಡಿದವರು ತಾವು ಮಾತ್ರ ಅದರ ಎದುರು ನಿಂತವರಲ್ಲ. ಫೋಟೋ ಇಲ್ಲವಾದರೆ ನಾನಾದರೂ ನಾಲ್ಕು ಮಾತು ಬರೆದಿಡುತ್ತೇನೆ ಎಂದು ಈಗ ಕೂತಿದ್ದೇನೆ.

ಬಂಟ್ವಾಳ ಪೇಟೆಯಲ್ಲಿ ಅವರು ಎಲ್ಲರಿಗೂ ಸ್ಟುಡಿಯೋದ ಅಕ್ಕ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನಾರಾವಿಯ ಜೈನರ ಮನೆಯ ಹುಡುಗಿ, ಟ್ರೈನಿಂಗ್ ಮುಗಿಸಿ ಬಂಟ್ವಾಳದ ಶಾಲೆಯೊಂದಕ್ಕೆ ಟೀಚರಾಗಿ ಆಗಷ್ಟೇ ಬಂದಿದ್ದೆ. ಮೂಡಬಿದಿರೆಯಲ್ಲಿದ್ದ ನನ್ನ ಸೋದರಮಾವನಿಗೆ ಸ್ಟುಡಿಯೋದವರ ಪರಿಚಯವಿತ್ತು. ಅವನೇ ಮಾತಾಡಿ ಸ್ಟುಡಿಯೋದ ಮಾಳಿಗೆಯ ಕೋಣೆಯನ್ನು ನನಗೆ ಗೊತ್ತು ಮಾಡಿಕೊಟ್ಟಿದ್ದ. ಕೆಳಗೆ ಮುಂದಿನ ಕೋಣೆ ಸ್ಟುಡಿಯೋ, ಅದರ ಹಿಂದೆ ಗಾಜಿನ ಹಂಚು ಹೊದೆಸಿದ ಒಂದು ಚಾವಡಿ, ಫೋಟೋ ತೆಗೆಯುವುದು ಅಲ್ಲಿ. ಅದರ ಹಿಂದೆ ಮನೆ. ಅಕ್ಕನ ಗಂಡ ಫೋಟೋ ತೆಗೆಯುವವರು. ಕೋಟು ಹಾಕಿಕೊಂಡೇ ಸ್ಟುಡಿಯೋಕ್ಕೆ ಇಳಿಯುತ್ತಿದ್ದರು, ಸೆಕೆಗಾಲದಲ್ಲಿ ಕೂಡ. ಅಕ್ಕ ಒಳಗೆ ಕತ್ತಲೆ ಕೋಣೆಯಲ್ಲಿ ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆಯುವುದು, ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದುವುದು, ಪ್ರಿಂಟು ಒಣಗಿಸುವುದು ಮಾಡುತ್ತಿದ್ದರು. ಮದುವೆಯಾದ ವರ್ಷ ಗಂಡನೇ ಕಲಿಸಿದ ಕೆಲಸ.

ನನಗೆ ಅವರ ನಿಜವಾದ ಪರಿಚಯವಾದದ್ದು ನನ್ನ ಫೋಟೋದಿಂದ. ಶಾಲೆಯ ದಾಖಲೆಗೆ ಬೇಕೆಂದು ಅವರ ಗಂಡನ ಹತ್ತಿರ ತೆಗೆಸಿದ್ದೆ. ಮರುದಿನ ಅಕ್ಕ ಪ್ರಿಂಟು ಹಿಡಿದುಕೊಂಡು ಮಾಳಿಗೆ ಹತ್ತಿ ಬಂದರು.

"ಟೀಚರ್, ಇದನ್ನು ನೀವು ತಗೊಳ್ಳುವುದು ಬೇಡ."

"ಯಾಕಕ್ಕ? ಚೆನ್ನಾಗಿಯೇ ಉಂಟಲ್ಲ."

"ಒಮ್ಮೆ ಕಣ್ಣು ಮುಚ್ಚಿ. ಈಗ ತೆರೆಯಿರಿ. ಮೊದಲು ಎಂತ ಕಂಡಿತು?"

ನಾನು ಮುಚ್ಚಿ ತೆರೆದೆ. ನಿಜ ಹೇಳಬೇಕೆಂದರೆ ಮೊದಲು ಕಂಡದ್ದು ನನ್ನ ಹಿಂದೆ ಇಟ್ಟಿದ್ದ ಬಿಳಿ ಹೂದಾನಿ.

"ಹೂದಾನಿ," ಎಂದೆ.

"ಮತ್ತೆ? ಕೆಲಸಕ್ಕೆ ಸೇರಿದ್ದು ನೀವಾ, ಹೂದಾನಿಯಾ?"

ಹೂದಾನಿ ಅವರ ಗಂಡನಿಗೆ ಬಹಳ ಪ್ರೀತಿಯದ್ದು. ಮರುದಿನ ಅದನ್ನು ತೆಗೆದು ಮತ್ತೊಮ್ಮೆ ನನ್ನನ್ನು ಕೂರಿಸುವಾಗ ಅವರು ಮುಖ ಊದಿಸಿಕೊಂಡಿದ್ದರು. ಆದರೆ ಎರಡನೆಯ ಪ್ರಿಂಟಿನಲ್ಲಿ ನಾನಿದ್ದೆ. ಆ ಫೋಟೋ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಅಕ್ಕನ ಸೊಂಟದಲ್ಲಿ ಬೀಗದ ಕೈಗೊಂಚಲಿನ ಜೊತೆ ಒಂದು ನೀಲಿ ಗಾಜಿನ ಚೂರು ಇರುತ್ತಿತ್ತು. ಯಾವುದೋ ಔಷಧದ ಬಾಟಲಿ ಒಡೆದಾಗ ಎತ್ತಿಟ್ಟು, ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡದ್ದು. ಅದನ್ನು ಕಣ್ಣಿಗೆ ಹಿಡಿದು ನೋಡಿದರೆ ಕೆಂಪು, ಹಸುರು, ಹಳದಿ ಎಲ್ಲ ಮಾಯವಾಗಿ ಬರೇ ಬೆಳಕು ಮತ್ತು ಕತ್ತಲೆ ಉಳಿಯುತ್ತದೆ. ಅವರು ಅದರಲ್ಲಿ ಏನನ್ನು ನೋಡುತ್ತಿರಲಿಲ್ಲ! ಮಸೀದಿಯ ಬಾಗಿಲು, ಕ್ರೈಸ್ತರ ಇಗರ್ಜಿಯ ಮೆಟ್ಟಿಲು, ಎದುರಿನ ಜವಳಿ ಅಂಗಡಿಯ ಜಗಲಿ, ಒಮ್ಮೆ ನನ್ನ ಹೊಸ ಸೀರೆ. "ಕೆಂಪಿಗೆ ಹಸುರು ಅಂಚು, ನೋಡ್ಲಿಕ್ಕೆ ಚಂದವೇ. ಆದರೆ ಫೋಟೋದಲ್ಲಿ ಎರಡೂ ಒಂದೇ ಬೂದಿ ಬಣ್ಣ, ಆಯ್ತಾ?" ಎಂದು ಎಚ್ಚರಿಸಿದ್ದರು.

"ಮನೆಗೆ ನೆಂಟರು ಬಂದರೆ ಮೊದಲು ಎಂತ ಮಾಡ್ತೇವೆ ಟೀಚರ್? ಕೂತುಕೊಳ್ಳಿ ಅಂತ ಮಣೆ ಹಾಕ್ತೇವೆ. ಫೋಟೋ ನೋಡ್ಲಿಕ್ಕೆ ಬರುವ ಕಣ್ಣೂ ನೆಂಟನೇ. ಅದಕ್ಕೊಂದು ಮಣೆ ಹಾಕಬೇಕು. ಇಲ್ಲದಿದ್ದರೆ ಪಾಪ, ನಿಂತೇ ಇರ್ತದೆ, ಆಮೇಲೆ ಹೊರಟು ಹೋಗ್ತದೆ." ಇದು ಅವರ ಮಾತು. ನಾವು ಆಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಅದರ ರುಚಿ ಸ್ವಲ್ಪ ಕಡಿಮೆಯಾಗಿರಬಹುದು.

ಹೀಗಿರುವಾಗ ಮಂಗಳೂರಿನ ಮುದ್ರಕರೊಬ್ಬರು ಜಿಲ್ಲೆಯ ಹಳೆಯ ಕಟ್ಟಡಗಳ ಬಗ್ಗೆ ಒಂದು ಪುಸ್ತಕ ಹಾಕಲು ಹೊರಟರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಒಂದು ಫೋಟೋ ಬೇಕೆಂದು ಅಕ್ಕನ ಗಂಡನಿಗೆ ಕಾಗದ ಬಂತು. ಅವರು ಹೆಮ್ಮೆಯಿಂದ ಹೋದರು. ಬಂಟ್ವಾಳದಿಂದ ಬೆಳಗಿನ ಬಸ್ಸು ಹಿಡಿದು, ಹತ್ತು ಗಂಟೆಗೆ ಅಲ್ಲಿ ಮುಟ್ಟಿ, ಎದುರಿನ ನಟ್ಟ ನಡುವೆ ನಿಂತು, ಆದಷ್ಟು ಹೆಚ್ಚು ಕಂಬಗಳು ಬರುವಂತೆ ತೆಗೆದು ತಂದರು. ಹದಿನೈದು ದಿನದಲ್ಲಿ ಫೋಟೋ ವಾಪಸು ಬಂತು. ಜೊತೆಗೆ ಒಂದು ಚೀಟಿ: "ಎಲ್ಲವೂ ಇದೆ. ಯಾವುದನ್ನು ನೋಡಬೇಕೆಂದು ತಿಳಿಯಲಿಲ್ಲ."

ಎರಡನೆಯ ಸಲ ಹೋದಾಗ ಅವರು ಉಪಾಯ ಮಾಡಿದರು. ಪರಿಚಯದ ಒಬ್ಬರನ್ನು ಬಿಳಿ ಪಂಚೆ, ಬಿಳಿ ಶಾಲು ಹೊದೆಸಿ ಕಂಬಗಳ ನಡುವೆ ನಿಲ್ಲಿಸಿ ತೆಗೆದರು. ಅದೂ ವಾಪಸು ಬಂತು. "ಈ ಮಹನೀಯರು ಯಾರು?" ಎಂದಷ್ಟೇ ಬರೆದಿತ್ತು.

ಆ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಗಂಡ ಹೆಂಡತಿ ಸ್ಟುಡಿಯೋದಲ್ಲಿ ಎದುರುಬದುರು ನಿಂತಿದ್ದರು. ನಡುವೆ ಮೇಜಿನ ಮೇಲೆ ಎರಡೂ ಫೋಟೋ.

"ಸಾವಿರ ಕಂಬ ಅಂತ ಹೆಸರು. ಸಾವಿರವನ್ನೂ ತೋರಿಸಿದರೆ ತಪ್ಪಾ?" ಎಂದರು ಗಂಡ.

"ಸಾವಿರ ಜನ ಒಟ್ಟಿಗೆ ಮಾತಾಡಿದರೆ ನಿಮಗೆ ಎಂತ ಕೇಳ್ತದೆ? ಒಬ್ಬ ಹೇಳ್ಲಿ, ಉಳಿದವರು ಕೇಳ್ತಾ ನಿಲ್ಲಲಿ."

"ಅದಕ್ಕೇ ಅಲ್ಲವಾ ಮನುಷ್ಯನನ್ನು ನಿಲ್ಲಿಸಿದ್ದು!"

"ಪುಸ್ತಕ ಬಸದಿಯದ್ದು, ಪಂಚೆಯದ್ದಲ್ಲ."

ಗಂಡನಿಗೆ ರೇಗಿತು. ಕ್ಯಾಮರಾದ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, "ನನಗಿಂತ ಹೆಚ್ಚು ಗೊತ್ತುಂಟಲ್ಲ, ಹಾಗಾದರೆ ನೀನೇ ಹೋಗಿ ತೆಗೆದು ತಾ!" ಎಂದರು.

ಸಿಟ್ಟಿನಲ್ಲಿ ಗಂಡಸರು ಹೇಳುವ ಮಾತು. ಯಾವ ಹೆಂಗಸೂ ಅದನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಅಕ್ಕ ತೆಗೆದುಕೊಂಡರು. "ಆಯ್ತು," ಎಂದರು. ನನ್ನ ಕಡೆ ತಿರುಗಿ, "ಟೀಚರ್, ನೀವು ಈ ಶನಿವಾರ ಊರಿಗೆ ಹೋಗುವುದುಂಟಲ್ಲ? ಮೂಡಬಿದಿರೆಯವರೆಗೆ ಒಟ್ಟಿಗೆ ಹೋಗುವ," ಎಂದರು. ಗಂಡ ಬಾಯಿ ತೆರೆದು ನಿಂತದ್ದನ್ನು ನಾನು ಯಾವತ್ತೂ ಮರೆಯಲಾರೆ.

ಅದು ಜೂನ್ ಮೊದಲ ವಾರ, ಶಾಲೆ ಆಗಷ್ಟೇ ತೆರೆದಿತ್ತು, ಮಳೆ ತಡವಾಗಿತ್ತು. ಮಳೆ ಹಿಡಿದರೆ ಮತ್ತೆ ನಾಲ್ಕು ತಿಂಗಳು ಫೋಟೋದ ಮಾತಿಲ್ಲ, ಅಷ್ಟರಲ್ಲಿ ಪುಸ್ತಕ ಬೇರೆಯವರ ಫೋಟೋದೊಂದಿಗೆ ಹೊರಟುಹೋಗುತ್ತದೆ. ಅಕ್ಕ ಅದುವರೆಗೆ ಮನೆಯಂಗಳ ದಾಟಿ ಕ್ಯಾಮರಾ ಒಯ್ದವರೇ ಅಲ್ಲ. ಶುಕ್ರವಾರದವರೆಗೂ ಅವರ ಗಂಡ ಮಾತಾಡಲಿಲ್ಲ. ಶನಿವಾರ ಮಧ್ಯಾಹ್ನ ನಾವು ಅಕ್ಕನ ಇಬ್ಬರು ಮಕ್ಕಳನ್ನು ಅವರ ಅಜ್ಜಿಯ ಹತ್ತಿರ ಬಿಟ್ಟು ಹೊರಡುವಾಗ ಅವರು ಕೋಟು ಹಾಕಿಕೊಂಡು, ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು.

"ನಾನು ಭಾರ ಹೊರ್ಲಿಕ್ಕೆ ಮಾತ್ರ ಬರುವುದು. ಒಂದು ಮಾತೂ ಆಡುವುದಿಲ್ಲ," ಎಂದರು.

"ಆಡಿದರೆ?" ಎಂದರು ಅಕ್ಕ.

"ಆಡಿದರೆ ಮುಂದಿನ ಬಸ್ಸಿಗೆ ವಾಪಸು ಬರ್ತೇನೆ."

ಬಸ್ಸಿನಲ್ಲಿ ಕಂಡಕ್ಟರು ಬಟ್ಟೆ ಸುತ್ತಿದ ಸ್ಟ್ಯಾಂಡನ್ನು ನೋಡಿ, "ಇದೆಂತದ್ದು ಮಾರಾಯ್ರೆ, ಬಾವಿಗೆ ರಾಟೆಯಾ?" ಎಂದು ಕೇಳಿದ. ಅವರು ಹೆಂಡತಿಯ ಕಡೆ ಕೈ ತೋರಿಸಿದರು. ವ್ರತ ಅಲ್ಲಿಂದಲೇ ಸುರುವಾಗಿತ್ತು.

ಮಾವನ ಮನೆ ಬಸದಿಗೆ ಹತ್ತಿರ. ನಾವು ಮುಟ್ಟುವಾಗ ನಾಲ್ಕು ಗಂಟೆ. ಮಾವ ಹೋಗಿ ಬಸದಿಯವರ ಹತ್ತಿರ ಅಪ್ಪಣೆ ಕೇಳಿಕೊಂಡು ಬಂದ. ಅಕ್ಕ ಕ್ಯಾಮರಾವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನೀಲಿ ಗಾಜು ಕಣ್ಣಿಗೆ ಹಿಡಿದು, ಕಂಬಗಳ ನಡುವೆ ನಡೆಯತೊಡಗಿದರು. ಒಂದರಂತೆ ಇನ್ನೊಂದಿಲ್ಲದ ಕಂಬಗಳು. ಒಂದರ ಮೇಲೆ ಬಳ್ಳಿ, ಒಂದರ ಮೇಲೆ ಗಂಟು, ಒಂದು ಎಂಟು ಮೂಲೆಯದ್ದು, ಇನ್ನೊಂದು ಕಡೆದ ಹಾಗೆ ಉರುಟು. ನಾನು ಸಣ್ಣಂದಿನಿಂದ ನೋಡಿದ್ದೆ, ಆದರೆ ಅಷ್ಟು ಹೊತ್ತು ನೋಡಿರಲಿಲ್ಲ. ಅಕ್ಕನ ಗಂಡ ಮೆಟ್ಟಿಲ ಹತ್ತಿರ ಕೂತು ಬಾಯಿಗೆ ಬಂದ ಮಾತನ್ನೆಲ್ಲ ನುಂಗುತ್ತಿದ್ದರು.

ಸಂಜೆಯಾಗುವಾಗ ಅಕ್ಕ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು: "ಇವರ ತಪ್ಪಲ್ಲ ಟೀಚರ್. ಬಸ್ಸಿನ ತಪ್ಪು. ಹತ್ತು ಗಂಟೆಗೆ ಬಂದು ಮೂರು ಗಂಟೆಗೆ ಹೋದರೆ ಇಲ್ಲಿ ಎಲ್ಲ ಕಂಬಕ್ಕೂ ಒಂದೇ ಬೆಳಕು. ಎಲ್ಲ ಒಂದೇ ಬೂದಿ. ಕಲ್ಲಿಗೆ ಬಣ್ಣ ಇಲ್ಲ, ಪ್ಲೇಟಿಗೂ ಬಣ್ಣ ಇಲ್ಲ, ಮತ್ತೆ ಕಣ್ಣಿನ ಕೈ ಹಿಡಿದು ಕರಕೊಂಡು ಹೋಗುವುದು ಯಾರು? ಬೆಳಕೇ ಆಗಬೇಕು. ಬೆಳಗ್ಗೆ ಸೂರ್ಯ ಎದುರಿನಿಂದ ತಗ್ಗಿನಲ್ಲಿ ಬರ್ತಾನಲ್ಲ, ಆವಾಗ ಓರೆಯಾಗಿ ಒಳಗೆ ಬೀಳಬೇಕು. ನಾಳೆ ನೋಡುವ."

ನಮ್ಮ ಜೈನರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ. ಆರು ಗಂಟೆಗೇ ಮಾವನ ಹೆಂಡತಿ, ನನ್ನ ಅತ್ತೆ, ಎಲೆ ಹಾಕಿದಾಗ ಅಕ್ಕನ ಗಂಡ ಗಾಬರಿಯಾಗಿ ನನ್ನ ಕಡೆ ನೋಡಿದರು. ಬಟ್ಟಲು ತುಂಬ ಪಾಯಸ ಕುಡಿದು ಸುಧಾರಿಸಿಕೊಂಡರು. "ನಿಮ್ಮವರು ಬಹಳ ಸೌಮ್ಯ, ಮಾತೇ ಇಲ್ಲ," ಎಂದು ಅತ್ತೆ ಹೊಗಳಿದಾಗ ಅಕ್ಕನಿಗೆ ಅನ್ನ ನೆತ್ತಿಗೇರಿತು.

ಮರುದಿನ ಬೆಳಕು ಹರಿಯುವ ಮೊದಲೇ ನಾವು ಬಸದಿಯಲ್ಲಿದ್ದೆವು. ಮೋಡ ಚದರಿತ್ತು. ಅಕ್ಕ ಮಧ್ಯದಲ್ಲಿ ನಿಲ್ಲಲಿಲ್ಲ. ಒಂದು ಬದಿಗೆ ಸರಿದು, ಕಂಬಗಳ ಒಂದು ಸಾಲು ಒಳಗಡೆಗೆ ಓಡುವ ಹಾಗೆ ಕ್ಯಾಮರಾ ಇಟ್ಟರು. ಕಪ್ಪು ಬಟ್ಟೆಯೊಳಗೆ ನನ್ನನ್ನೂ ಕರೆದು ತೋರಿಸಿದರು. ಕ್ಯಾಮರಾದ ಹಿಂಬದಿಯ ಮಬ್ಬು ಗಾಜಿನ ಮೇಲೆ ಬಸದಿ ತಲೆಕೆಳಗಾಗಿ ನೇತಾಡುತ್ತಿತ್ತು. ಸೂರ್ಯ ಬಂದ. ಬಿಸಿಲಿನ ಒಂದು ಪಟ್ಟಿ ಓರೆಯಾಗಿ ಬಂದು ಒಂದೇ ಒಂದು ಕಂಬದ ಮೈಗೆ ತಾಗಿತು. ಅದರ ಕೆತ್ತನೆಯ ಒಂದೊಂದು ಗೆರೆಯೂ ಎದ್ದು ನಿಂತಿತು. ಉಳಿದ ಕಂಬಗಳೆಲ್ಲ ಮಬ್ಬಿನಲ್ಲಿ ಹಿಂದೆ ಸರಿದವು.

"ಆದರೆ ಅಲ್ಲಿ ನೋಡಿ," ಎಂದರು ಅಕ್ಕ. ದೂರದ ಮೂಲೆಯಲ್ಲಿ ಎರಡು ಕಂಬಗಳ ನಡುವಿನ ಸಂದಿಯಿಂದ ಆಕಾಶ ಬೆಳ್ಳಗೆ ಹೊಳೆಯುತ್ತಿತ್ತು. "ಅದು ಇದ್ದರೆ ಕಣ್ಣು ಕಂಬವನ್ನು ಬಿಟ್ಟು ಅಲ್ಲಿಗೆ ಓಡ್ತದೆ. ಮುಚ್ಚಬೇಕು."

ನಾವು ಯೋಚಿಸುವ ಮೊದಲೇ ಅವರ ಗಂಡ ಹೊರಟಾಗಿತ್ತು. ತಮ್ಮ ದೊಡ್ಡ ಕಪ್ಪು ಕೊಡೆಯನ್ನು ಬಿಡಿಸಿ, ಆ ಸಂದಿಯ ಆಚೆ ಹೋಗಿ, ಜಗಲಿಯ ಕಟ್ಟೆಯ ಹಿಂದೆ ಬಗ್ಗಿ ಕೂತು, ಕೊಡೆಯನ್ನು ಅಡ್ಡ ಹಿಡಿದರು. ಬಿಳಿ ಸಂದಿ ಕಪ್ಪಾಯಿತು. ಕೊಡೆಯ ಅಂಚಿನಿಂದ ಅವರ ಒಂದು ಕಣ್ಣು ಮಾತ್ರ ಕ್ಯಾಮರಾದ ಕಡೆ ನೋಡುತ್ತಿತ್ತು.

ಅಕ್ಕ ಪ್ಲೇಟು ಸೇರಿಸಿದರು. ಲೆನ್ಸಿನ ಮುಚ್ಚಳ ತೆಗೆದು ಎಣಿಸತೊಡಗಿದರು. "ಒಂದು... ಎರಡು..." ಐದಕ್ಕೆ ಬರುವಾಗ ದೂರದ ಕೊಡೆ ಅಲ್ಲಾಡತೊಡಗಿತು.

"ಕೊಡೆ ಅಲ್ಲಾಡಿಸಬೇಡಿ!" ಎಂದು ಅಕ್ಕ ಕೂಗಿದರು. ಕೊಡೆ ಇನ್ನೂ ಜೋರಾಗಿ ಅಲ್ಲಾಡಿತು. ಅಕ್ಕ ಹಲ್ಲು ಕಚ್ಚಿ ಇಪ್ಪತ್ತರವರೆಗೂ ಎಣಿಸಿ ಮುಚ್ಚಳ ಹಾಕಿದರು.

ಕೊಡೆಯ ಹಿಂದಿನಿಂದ ದನಿ ಬಂತು: "ಈಗ ಮಾತಾಡ್ಬಹುದಾ?"

"ಎಂತ ನಿಮ್ಮದು?"

"ಸ್ಲೈಡು."

ಅಕ್ಕ ಕ್ಯಾಮರಾದ ಹಿಂಬದಿ ನೋಡಿದರು. ಪ್ಲೇಟಿಗೆ ಬೆಳಕು ತಾಗದಂತೆ ಮುಚ್ಚಿರುವ ತೆಳು ಹಲಗೆ ಅದು. ಮೊದಲು ಅದನ್ನು ಎಳೆದು ತೆಗೆಯಬೇಕು. ಎಳೆದಿರಲಿಲ್ಲ. ಇಪ್ಪತ್ತು ಎಣಿಸಿದ್ದೂ ಮರಕ್ಕೇ ಎಣಿಸಿದ್ದು.

ಅಕ್ಕ ತಲೆಗೆ ಕೈ ಹೊತ್ತುಕೊಂಡರು. ಆಗ ಅವರ ಗಂಡ ಒಂದು ವಾರದ ಮೌನವನ್ನು ಒಟ್ಟಿಗೆ ಮುರಿದರು. "ಅಳ್ಲಿಕ್ಕೆ ಸಮಯ ಇಲ್ಲ ಮಾರಾಯ್ತಿ! ಪ್ಲೇಟಿಗೆ ಏನೂ ಆಗ್ಲಿಲ್ಲ, ಹಾಗೇ ಉಂಟು. ಬಿಸಿಲು ಹೋಗ್ತಾ ಉಂಟು, ಬೇಗ, ಬೇಗ!"

ಬಿಸಿಲು ನಿಜವಾಗಿ ಸರಿದಿತ್ತು. ಆ ಕಂಬದ ಅರ್ಧ ಮೈ ಆಗಲೇ ನೆರಳಿಗೆ ಹೋಗಿ, ಪಟ್ಟಿ ಪಕ್ಕದ ಕಂಬಕ್ಕೆ ಹತ್ತುತ್ತಿತ್ತು. ನಾನು ಎಲ್ಲ ಮುಗಿಯಿತೆಂದುಕೊಂಡೆ. ಅಕ್ಕ ಒಂದು ಗಳಿಗೆ ನೀಲಿ ಗಾಜಿನಲ್ಲಿ ನೋಡಿದರು. "ಅದು ಬೇಡ. ಪಕ್ಕದ್ದು ಇನ್ನೂ ಚಂದ ಉಂಟು. ಟೀಚರ್, ಸ್ಟ್ಯಾಂಡಿನ ಒಂದು ಕಾಲು ಹಿಡಿಯಿರಿ," ಎಂದರು. ನಾವಿಬ್ಬರೂ ಕ್ಯಾಮರಾವನ್ನು ಎರಡು ಅಡಿ ಆಚೆ ಸರಿಸಿದೆವು. ಕೊಡೆಯೂ ಓಡಿತು. "ಎಡಕ್ಕೆ! ಇನ್ನೂ ಎಡಕ್ಕೆ! ಕೂತುಕೊಳ್ಳಿ, ತಲೆ ಕಾಣ್ತದೆ!" ಎಂದು ಅಕ್ಕ, "ಸ್ಲೈಡು! ಸ್ಲೈಡು!" ಎಂದು ಅವರು. ಬಸದಿಗೆ ಬಂದಿದ್ದ ಇಬ್ಬರು ಮುದುಕರು ನಿಂತು ನೋಡುತ್ತಿದ್ದರು. ಸ್ಲೈಡು ಎಳೆದದ್ದಾಯಿತು, ಮುಚ್ಚಳ ತೆಗೆದದ್ದಾಯಿತು. ಈ ಸಲ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಇಪ್ಪತ್ತರವರೆಗೆ ಎಣಿಸಿದರು.

ನಾನು ನಾರಾವಿಗೆ ಹೋಗಲಿಲ್ಲ. ಫೋಟೋ ಏನಾಯಿತೆಂದು ನೋಡದೆ ಹೋಗುವುದು ಹೇಗೆ? ಅವರ ಜೊತೆಯೇ ಬಂಟ್ವಾಳಕ್ಕೆ ವಾಪಸು ಬಂದೆ. ಅಕ್ಕ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡರು. ಹೊರಗೆ ಅವರ ಗಂಡ ಹೆರಿಗೆಯ ಕೋಣೆಯ ಎದುರು ತಿರುಗುವವರ ಹಾಗೆ ತಿರುಗುತ್ತಿದ್ದರು. ಎರಡು ಸಲ ಬಾಗಿಲಿಗೆ ಕಿವಿ ಇಟ್ಟರು. ಪ್ಲೇಟಿನಿಂದ ಏನು ಕೇಳುತ್ತದೋ!

ಮರುದಿನ ಪ್ರಿಂಟು ಬಂತು. ಕತ್ತಲೆಯ ನಡುವೆ ಒಂದು ಕಂಬ ಬೆಳಗುತ್ತಿತ್ತು. ಮೊದಲು ಅದು. ಅದನ್ನು ನೋಡಿ ತಣಿದ ಮೇಲೆ, ಮೆಲ್ಲಮೆಲ್ಲನೆ, ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಮಬ್ಬಿನಲ್ಲಿ ಲೆಕ್ಕ ತಪ್ಪುವಷ್ಟು. ಸಾವಿರ ಕಂಬ ಇದೆ ಎಂದು ನಂಬಿಕೆ ಬರುವುದು ಹಾಗೆ ನೋಡಿದಾಗಲೇ. ಅವರ ಗಂಡ ತುಂಬ ಹೊತ್ತು ನೋಡಿದರು. ಕೊನೆಗೆ ಮೂಲೆಯ ಕತ್ತಲೆಗೆ ಬೆರಳಿಟ್ಟು ಕೇಳಿದರು: "ನಾನು ಇಲ್ಲಿ ಇದ್ದೇನಲ್ಲವಾ?"

"ಇದ್ದೀರಿ. ಕಾಣದ ಹಾಗೆ ಕೂತಿದ್ದೀರಿ. ಹಾಗಾಗಿ ಕಂಬ ಕಾಣ್ತದೆ," ಎಂದರು ಅಕ್ಕ.

ಗಂಡ ಗಟ್ಟಿಯಾಗಿ ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ಹುಳಿ ಇರಲಿಲ್ಲ. ಆಮೇಲೆ ಪ್ರಿಂಟನ್ನು ತಾವೇ ರಟ್ಟಿನ ನಡುವೆ ಇಟ್ಟು ಕಟ್ಟಿ ಮಂಗಳೂರಿಗೆ ಒಯ್ದು ಕೊಟ್ಟು ಬಂದರು.

ದೀಪಾವಳಿಯ ಹೊತ್ತಿಗೆ ಪುಸ್ತಕ ಬಂತು. ಫೋಟೋಕ್ಕೆ ಇಡೀ ಒಂದು ಪುಟ. ಕೆಳಗೆ ಫೋಟೋ ತೆಗೆದವರೆಂದು ಅಚ್ಚಾದದ್ದು ಗಂಡನ ಹೆಸರು. ಕಾಗದ ಪತ್ರವೆಲ್ಲ ಅವರ ಹೆಸರಿನಲ್ಲಿ ನಡೆದಿತ್ತು, ಮುದ್ರಕರಿಗೆ ಬೇರೆ ಗೊತ್ತಾಗುವುದು ಹೇಗೆ? ಅಕ್ಕ ನೋಡಿ ಪುಸ್ತಕ ಮಡಚಿದರು. ಅವರ ಗಂಡನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ತಿದ್ದುಪಡಿ ಹಾಕಿ ಎಂದು ಬರೆಯಲು ಕೂತರು. ಅಕ್ಕ ತಡೆದರು. "ಬೇಡ. ಹೆಸರು ನೋಡುವವನು ಕಂಬ ನೋಡುವುದಿಲ್ಲ. ಆ ಪುಟಕ್ಕೆ ಇನ್ನೊಂದು ಹೂದಾನಿ ಬೇಡ," ಎಂದರು. ನಾನೂ ಇಲ್ಲಿ ಅವರ ಹೆಸರು ಬರೆಯದಿರಲು ಅದೇ ಕಾರಣ.

ಆದರೆ ಗಂಡ ಸುಮ್ಮನಾಗುವವರಲ್ಲ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆಯ ಒಂದು ತುದಿಯಿಂದ ಹೊರಟರು. ಜವಳಿ ಅಂಗಡಿ, ಔಷಧದ ಅಂಗಡಿ, ಪೋಸ್ಟಾಫೀಸು, ನನ್ನ ಶಾಲೆಯ ಸ್ಟಾಫ್ ರೂಮು, ಎಲ್ಲ ಕಡೆಯೂ ಪುಟ ತೆರೆದು ಹೇಳುವುದು ಒಂದೇ ಮಾತು: "ಫೋಟೋ ಚೆನ್ನಾಗಿ ಬಂದಿದೆ. ಹೆಸರು ತಪ್ಪು ಬಿದ್ದಿದೆ. ತೆಗೆದದ್ದು ನನ್ನ ಹೆಂಡತಿ." ಮದುವೆಯ ಫೋಟೋ ತೆಗೆಯಲು ಕನ್ಯಾನಕ್ಕೆ ಹೋದರೆ ಅಲ್ಲಿಯೂ, ಕೊಕ್ಕಡಕ್ಕೆ ಹೋದರೆ ಅಲ್ಲಿಯೂ, ಊಟದ ಪಂಕ್ತಿಯಲ್ಲಿ ಪಕ್ಕ ಕೂತವರಿಗೂ. "ಇವರನ್ನು ಮಾತಾಡದೆ ಇರಿಸಿದ್ದು ಒಂದೇ ವಾರ ಟೀಚರ್, ಅದಕ್ಕೆ ಬಡ್ಡಿ ಸೇರಿಸಿ ಆಡ್ತಾ ಇದ್ದಾರೆ," ಎಂದು ಅಕ್ಕ ನಗುತ್ತಿದ್ದರು. ಅಲ್ಲಿಂದ ಮುಂದೆ ಮನುಷ್ಯರ ಫೋಟೋ ಗಂಡನದ್ದು, ಕಟ್ಟಡಗಳದ್ದು ಅಕ್ಕನದ್ದು ಎಂದಾಯಿತು. ಹಳೆಯ ಜಮೀನ್ದಾರರ ಗುತ್ತಿನ ಮನೆಗಳಿಗೆ, ಹೊಸ ಶಾಲೆಗಳಿಗೆ, ಮಸೀದಿ ಇಗರ್ಜಿಗಳಿಗೆ ಅವರು ಕ್ಯಾಮರಾ ತೆಗೆದುಕೊಂಡು ಹೋಗುತ್ತಿದ್ದರು. ಕೊಡೆ ಹಿಡಿಯಲು ಗಂಡ ಜೊತೆಗೆ.

ಅರವತ್ತರ ದಶಕದ ನಡುವೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ರವಿಕೆ ಹೊಲಿಸಲು ಅಲ್ಲಿಯ ಒಬ್ಬ ಟೈಲರನ ಅಂಗಡಿಗೆ ಹೋದೆ. ಗೋಡೆಯ ಮೇಲೆ ಅದೇ ಫೋಟೋ. ಪುಸ್ತಕದಿಂದ ಜೋಪಾನವಾಗಿ ಕತ್ತರಿಸಿ ಗಾಜು ಹಾಕಿಸಿದ್ದ. ನಾನು ನೋಡುತ್ತಿರುವುದು ಕಂಡು, ಬಾಯಿಯಲ್ಲಿದ್ದ ಸೂಜಿ ತೆಗೆದು ಹೇಳಿದ: "ಅದು ಮೂಡಬಿದಿರೆಯ ಬಸದಿ ಟೀಚರ್. ಕೆಳಗೆ ಹೆಸರು ಉಂಟಲ್ಲ, ಅದು ತಪ್ಪು. ತೆಗೆದದ್ದು ಅವರ ಹೆಂಡತಿ."

"ನಿಮಗೆ ಹೇಗೆ ಗೊತ್ತು?"

"ಎಲ್ಲರಿಗೂ ಗೊತ್ತುಂಟಲ್ಲ!" ಎಂದ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಮುಂದಿನ ರಜೆಯಲ್ಲಿ ಬಂಟ್ವಾಳಕ್ಕೆ ಹೋದಾಗ ಅಕ್ಕನಿಗೆ ಇದನ್ನು ಹೇಳಿದೆ. ಅವರು ಹಿಗ್ಗಬಹುದೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟು: "ಯಾವ ಗೋಡೆಗೆ ಹಾಕಿದ್ದಾನೆ?"

"ಬಾಗಿಲಿನ ಎದುರಿನ ಗೋಡೆಗೆ."

"ಅಯ್ಯೋ ದೇವರೇ! ಗಾಜು ಮಿಂಚಿ ಬೀದಿಯೇ ಕಾಣ್ತದೆ, ಕಂಬ ಎಲ್ಲಿ ಕಾಣ್ತದೆ? ಪಕ್ಕದ ಗೋಡೆಗೆ ಹಾಕ್ಲಿಕ್ಕೆ ಹೇಳಿ, ಮರೀಬೇಡಿ."

ಬೆಳ್ತಂಗಡಿಗೆ ಮರಳಿದ ದಿನವೇ ಹೋಗಿ ಹೇಳಿದೆ. ಯಾರು ಹೇಳಿ ಕಳಿಸಿದ್ದೆಂದು ತಿಳಿದಾಗ ಟೈಲರನಿಗೆ ಕೈಕಾಲು ಆಡಲಿಲ್ಲ. ಹೊಲಿಯುತ್ತಿದ್ದದ್ದನ್ನು ಹಾಗೆಯೇ ಬಿಟ್ಟು, ಮೆಷಿನಿನ ಸ್ಟೂಲನ್ನು ಎಳೆದು ಹತ್ತಿ, ಪಕ್ಕದ ಗೋಡೆಗೆ ಮೊಳೆ ಹೊಡೆದ. ಇಳಿದು ಬಂದು ನನ್ನ ಪಕ್ಕ ನಿಂತು ನೋಡಿದ. ಅಷ್ಟರಲ್ಲಿ ಷರ್ಟಿನ ಬಟ್ಟೆ ಹಿಡಿದುಕೊಂಡು ಯಾರೋ ಗಿರಾಕಿ ಒಳಗೆ ಬಂದರು. ಏನೋ ಹೇಳಲು ಬಾಯಿ ತೆರೆದವರು ಗೋಡೆಯ ಕಡೆ ನೋಡಿದರು. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರೂ ನಮ್ಮ ಪಕ್ಕದಲ್ಲಿ ನಿಂತುಬಿಟ್ಟರು.